ಕಿರುಬೆರಳು ತೂರುವ ಗೆರೆ

ನಾನು ಪ್ಲಾಸ್ಟಿಕ್ ಕಿಟ್‌ನಿಂದ ಕಟ್ಟಿದ ಮೊದಲ ನ್ಯಾಟ್ ಯುದ್ಧವಿಮಾನದ ಮಾಡೆಲನ್ನು ಕೆಳಗಿನ ಮನೆ ಅಂಕಲ್‌ಗೆ ತೋರಿಸಿದಾಗ ಅವರು ಕನ್ನಡಕ ಹಣೆ ಮೇಲೇರಿಸಿ, ಅದನ್ನು ಕಣ್ಣ ಹತ್ತಿರ ಹಿಡಿದು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: "ಚೆನ್ನಾಗಿದೆ ಕಣಪ್ಪಾ. ಆದ್ರೆ ಇದ್ಯಾಕೆ ಮೈಯೆಲ್ಲಾ ಬಿರುಕು ಬಿಟ್ಟಿದೆ?"

ಬಿರುಕಲ್ಲ ಅದು, ಪ್ಯಾನೆಲ್ ಗೆರೆ. ವಿಮಾನದ ತಗಡಿನ ಹಾಳೆಗಳು ಒಂದಕ್ಕೊಂದು ಕೂಡುವ ಸಂದು. ಒಂದೊಂದು ಗೆರೆಗೂ ಕಪ್ಪು ಬಣ್ಣ ಇಳಿಸಿ, ಸುತ್ತ ಒರೆಸಿ, ಎರಡು ಸಂಜೆ ಕಳೆದಿದ್ದೆ. ನಾನು ನೋಡಿದ್ದ ಮಾಡೆಲ್‌ಗಳೆಲ್ಲ ಹಾಗೇ ಇದ್ದವು.

ಅಂಕಲ್ ಸುಮ್ನೆ ಹೇಳುವವರಲ್ಲ. 1970ರಲ್ಲಿ ಎಚ್‌ಎಎಲ್‌ಗೆ ಅಪ್ರೆಂಟಿಸ್ ಆಗಿ ಸೇರಿ, ಪೇಂಟ್ ಶಾಪ್‌ನಲ್ಲೇ ನಿವೃತ್ತರಾದವರು. ನ್ಯಾಟ್ ಇಂಗ್ಲೆಂಡಿನ ಫೋಲಂಡ್ ಕಂಪನಿಯ ವಿನ್ಯಾಸ. ಆದರೆ ನಮ್ಮ ವಾಯುಪಡೆಯ ಬಹುಪಾಲು ನ್ಯಾಟ್‌ಗಳು ಲೈಸೆನ್ಸ್ ಮೇಲೆ ತಯಾರಾದದ್ದು ಇಲ್ಲೇ, ಬೆಂಗಳೂರಲ್ಲಿ. "ನಾವು ಆ ಸಂದು ಕಾಣಬಾರದು ಅಂತ ಸೀಲೆಂಟ್ ತುಂಬಿ ಒರೆಸ್ತಿದ್ವಿ. ನೀನು ಕಾಣಲಿ ಅಂತ ಮಸಿ ತುಂಬಿದೀಯ" ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನನ್ನ ಕಿಟ್ 1/72 ಅಳತೆಯದ್ದು. ಆರಡಿ ಮನುಷ್ಯ ಇದರಲ್ಲಿ ಒಂದು ಇಂಚು. ನಿಜವಾದ ನ್ಯಾಟ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 6.73 ಮೀಟರ್, ಮಾಡೆಲ್‌ನಲ್ಲಿ 9.3 ಸೆಂ.ಮೀ. ಅಂಗೈ ಮೇಲೆ ಕೂರುತ್ತದೆ. ಪ್ಲಾಸ್ಟಿಕ್ ಮೇಲೆ ಕೊರೆದ ಗೆರೆ 0.15 ಮಿ.ಮೀ. ಅಗಲ ಅಂದುಕೊಂಡರೂ, 72ರಿಂದ ಗುಣಿಸಿದರೆ ಹತ್ತಿರ ಹತ್ತಿರ 11 ಮಿ.ಮೀ. ಆಯಿತು. ಅಂದರೆ ನಾನು ಕಪ್ಪು ಬಳಿದದ್ದು ಕಿರುಬೆರಳು ತೂರುವಷ್ಟು ಅಗಲದ ಸಂದಿಗೆ! ಅಂಥ ವಿಮಾನವನ್ನು ಯಾರು ತಾನೇ ಹಾರಿಸುತ್ತಾರೆ?

ಇನ್ನೊಂದು ಲೆಕ್ಕ ಇನ್ನೂ ಚುಚ್ಚಿತು. ಮಾಡೆಲ್ ಅನ್ನು ಒಂದಡಿ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದ ಹಾಗೆ. ಎರಡು ಬಿಎಂಟಿಸಿ ಬಸ್ ಸಾಲಾಗಿ ನಿಂತಷ್ಟು ದೂರ. ಅಷ್ಟು ದೂರದಿಂದ ಏನು ಕಾಣುತ್ತದೆ ಅಂತ ನೋಡಲು ಮುಂದಿನ ಭಾನುವಾರ ಕಸ್ತೂರಬಾ ರಸ್ತೆಗೆ ಹೋದೆ. ಅಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಮಾರುತ್ ನಿಂತಿದೆಯಲ್ಲ, ಜರ್ಮನಿಯ ಕರ್ಟ್ ಟ್ಯಾಂಕ್ ಎಚ್‌ಎಎಲ್‌ಗಾಗಿ ವಿನ್ಯಾಸ ಮಾಡಿದ, 1961ರಲ್ಲಿ ಮೊದಲು ಹಾರಿದ ಯುದ್ಧವಿಮಾನ. ದೂರದಿಂದ ಗೆರೆಗಳು ಕಂಡೂ ಕಾಣದ ಹಾಗಿದ್ದವು. ಹತ್ತಿರ ಹೋದರೂ ಕಪ್ಪಗಿರಲಿಲ್ಲ. ಪಕ್ಕದ ಬಣ್ಣಕ್ಕಿಂತ ಒಂದೆಳೆ ಗಾಢ, ಅಷ್ಟೇ. ಕಣ್ಣಿಗೆ ಹೊಡೆಯುತ್ತಿದ್ದದ್ದು ಬೇರೆ ಸಂದುಗಳು: ರೆಕ್ಕೆಯ ಹಿಂದಿನ ಅಂಚಿನಲ್ಲಿ ಅಲ್ಲಾಡುವ ಭಾಗಗಳು, ಗಾಲಿ ಮುಚ್ಚುವ ಬಾಗಿಲುಗಳು.

ಎರಡನೇ ನ್ಯಾಟ್ ತರಿಸಿದೆ. ಜೆಕ್ ದೇಶದ ಕಿಟ್, ಕಡಿಮೆ ಸಂಖ್ಯೆಯಲ್ಲಿ ಅಚ್ಚು ಹಾಕುವಂಥದ್ದು. ಇಂಥವುಗಳಲ್ಲಿ ಎರಡು ಹೋಳುಗಳನ್ನು ಕೂಡಿಸಲು ಗೂಟ-ತೂತು ಸಾಮಾನ್ಯವಾಗಿ ಇರುವುದಿಲ್ಲ. ಕಣ್ಣಳತೆಯಲ್ಲೇ ಕೂಡಿಸಬೇಕು. ನಾನು ಮೊದಲು ಟೇಪ್ ಹಾಕಿ ಬರೀ ಜೋಡಿಸಿ ನೋಡುತ್ತೇನೆ. ಸರಿ ಕೂತರೆ ನೀರಿನಂತೆ ತೆಳ್ಳಗಿರುವ ಮಾಡೆಲ್ ಸಿಮೆಂಟನ್ನು ಬ್ರಶ್ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಸಾಕು, ತಾನಾಗೇ ಒಳಗೆ ಓಡುತ್ತದೆ. ಇದು ಅಂಟಲ್ಲ. ಪ್ಲಾಸ್ಟಿಕ್ಕನ್ನೇ ಒಂಚೂರು ಕರಗಿಸಿ ಬೆಸೆಯುತ್ತದೆ. ಹಾಗಾಗಿ ಒಂದು ದಿನ ಮುಟ್ಟದೆ ಬಿಡಬೇಕು.

ಕರಗುವ ಮಾತು ಬಂತು, ನನ್ನ ದಡ್ಡತನ ಹೇಳಿಬಿಡುತ್ತೇನೆ. ಮೊದಲ ಕಿಟ್‌ನ ಒಂದು ರೆಕ್ಕೆಗೆ ಬಣ್ಣ ಕೆಟ್ಟಿತ್ತು. ಅಳಿಸೋಣ ಅಂತ ಪೇಂಟ್ ಅಂಗಡಿಯ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಬಟ್ಟೆಗೆ ಹಾಕಿ ಉಜ್ಜಿದೆ. ಬಣ್ಣ ಹೋಯಿತು. ಅದರ ಜೊತೆ ರೆಕ್ಕೆಯೂ ಹೋಯಿತು! ಮೇಲ್ಮೈ ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಆಗಿಬಿಟ್ಟಿತು. ಕಾರಿನ ತಗಡಿಗೆ ಹೊಂದುವ ಥಿನ್ನರ್ ಕಿಟ್‌ನ ಪ್ಲಾಸ್ಟಿಕ್ಕಿಗೆ, ಅಂದರೆ ಪಾಲಿಸ್ಟೈರೀನಿಗೆ, ಯಮ. ಹಾಗಂತ ಗ್ಯಾರೇಜ್ ಸಾಮಾನೆಲ್ಲ ದೂರ ಇಡಬೇಕಿಲ್ಲ. ಕಾರಿಗೆ ಹಾಕುವ ಎನ್‌ಸಿ ಪುಟ್ಟಿಯನ್ನು ತೆಳ್ಳಗೆ, ಎರಡು ಮೂರು ಸಲ ಹಾಕಿದರೆ ಸಂದು ಮುಚ್ಚಲು ಒಳ್ಳೆಯದೇ. ಒಂದೇ ಸಲ ದಪ್ಪಗೆ ಮೆತ್ತಿದರೆ ಒಣಗುತ್ತಾ ಕುಗ್ಗುತ್ತದೆ. ಉಜ್ಜಲು ವಾಟರ್ ಪೇಪರ್ ಅಂತೂ ಗ್ಯಾರೇಜಿನವರದ್ದೇ ಬೇಕು: 600, 1000, 2000 ನಂಬರ್, ನೀರು ಮುಟ್ಟಿಸಿ.

ನ್ಯಾಟ್ ಮೂರು ಗಾಲಿಯ ವಿಮಾನ. ಬಾಲ ಭಾರ ಜಾಸ್ತಿ, ಮೂತಿ ಪುಟ್ಟದು. ತೂಕ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ತುಂಡುಗಳಿವೆಯಲ್ಲ, ಅವನ್ನು ಕತ್ತರಿಸಿ ಮೂತಿಯೊಳಗೂ ಪೈಲಟ್ ಸೀಟಿನ ಹಿಂದೆಯೂ ತುರುಕಿದೆ. ಅಂಗಡಿಯ ಹುಡುಗ "ಯಾವ ಗಾಡಿ ಸಾರ್?" ಅಂದ. ಏರೋಪ್ಲೇನ್ ಅಂದೆ. ನಗಲಿಲ್ಲ, ದುಡ್ಡೂ ತಗೊಳ್ಳಲಿಲ್ಲ.

ಇನ್ನು ಬಣ್ಣ. 1965ರ ಯುದ್ಧದ ಕಾಲದ ನ್ಯಾಟ್ ಮಾಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ, ಹಾಗಾಗಿ ಬೆಳ್ಳಿ ಬಣ್ಣ. ಬೆಳ್ಳಿಗೆ ದಯೆ ಅನ್ನೋದೇ ಇಲ್ಲ. ಹಸಿರು ಬಣ್ಣ ನಿಮ್ಮ ತಪ್ಪು ಮುಚ್ಚಿಕೊಳ್ಳುತ್ತದೆ, ಬೆಳ್ಳಿ ಊರಿಗೆಲ್ಲ ಸಾರುತ್ತದೆ. ಬೆನ್ನಿನ ಮೇಲೆ ಎರಡು ಹೋಳು ಕೂಡಿದ ಜಾಗ ಬೆರಳಿಗೆ ನುಣ್ಣಗಿತ್ತು. ಹೊಳೆಯುವ ಕಪ್ಪು ಪ್ರೈಮರ್ ಹೊಡೆದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದೆ. ಬೆಳಕಿನ ಗೆರೆ ಬೆನ್ನ ಮೇಲೆ ಹರಿಯುತ್ತಾ ಹೋಗಿ, ಕಾಕ್‌ಪಿಟ್ ಹಿಂದೆ ಒಂದು ಕಡೆ ಸಣ್ಣಗೆ ಮುರಿಯಿತು. ಅಲ್ಲೊಂದು ತಗ್ಗು, ಕೂದಲೆಳೆಯಷ್ಟು. ಮತ್ತೆ ಪುಟ್ಟಿ, ಮತ್ತೆ ಉಜ್ಜು, ಮತ್ತೆ ಕಪ್ಪು. ನಾಲ್ಕನೇ ಸಲ ಬೆಳಕು ಎಲ್ಲೂ ಮುರಿಯದೆ ಬಾಲದವರೆಗೂ ಜಾರಿತು. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಕ್ಷಣ ಅದು. ಅದರ ಮೇಲೆ ಅಲ್ಯೂಮಿನಿಯಂ ಬಣ್ಣ, ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಶ್‌ನಲ್ಲಿ, ಹಬೆ ಕೂತ ಹಾಗೆ ತೆಳ್ಳಗೆ ಮೂರು ಸಲ.

ಬಾಲ್ಕನಿಯಲ್ಲಿ ಹೊಡೆಯುತ್ತೇನೆ. ಮಾಸ್ಕ್ ಅಂದರೆ ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಸಾಲದು, ಥಿನ್ನರ್ ಹಬೆ ತಡೆಯುವ ಕಾರ್ಟ್ರಿಜ್ ಇರುವುದೇ ಬೇಕು. ನಮ್ಮೂರ ಮಳೆಗಾಲದ್ದು ಬೇರೆಯೇ ಕಾಟ. ಆಗಸ್ಟ್‌ನ ಒಂದು ಸಂಜೆ ಮಳೆ ನಿಂತ ತಕ್ಷಣ ಕ್ಲಿಯರ್ ಲ್ಯಾಕರ್, ಅಂದರೆ ಪಾರದರ್ಶಕ ಲೇಪ, ಹೊಡೆದೆ. ಹತ್ತು ನಿಮಿಷದಲ್ಲಿ ವಿಮಾನದ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪೊರೆ. ಲ್ಯಾಕರ್ ಒಣಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಸಿಕ್ಕಿಕೊಂಡಿತ್ತು. ಬಿಸಿಲು ಬಿದ್ದ ದಿನ ಕಾದು, ಮೇಲೆ ಇನ್ನೊಂದು ತೆಳು ಪದರ ಹೊಡೆದಾಗ ಪೊರೆ ಕರಗಿತು. ಈಗ ಮಳೆ ದಿನ ಏರ್‌ಬ್ರಶ್ ಮುಟ್ಟುವುದಿಲ್ಲ, ಸೀಟು-ಗಾಲಿಗಳಿಗೆ ಕೈಯಲ್ಲೇ ಬಣ್ಣ ಬಳಿಯುತ್ತೇನೆ.

ಡಿಕಾಲ್ ಅಂದರೆ ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರಗಳು. ಕೇಸರಿ-ಬಿಳಿ-ಹಸಿರು ವೃತ್ತ, ಬಾಲದ ಪಟ್ಟಿ, ನಂಬರ್. ಮೊದಲ ಸಲ ನಲ್ಲಿಯ ಬೋರ್‌ವೆಲ್ ನೀರು ಬಳಸಿದ್ದೆ. ಒಣಗಿದ ಮೇಲೆ ಪ್ರತಿ ವೃತ್ತದ ಸುತ್ತಲೂ ಉಪ್ಪಿನ ಉಂಗುರ, ನಮ್ಮ ಬಚ್ಚಲ ಬಕೆಟ್‌ನಲ್ಲಿ ಕಟ್ಟುವಂಥದ್ದೇ. ಈಗ ಕುಡಿಯುವ ಫಿಲ್ಟರ್ ನೀರು, ಬೆಚ್ಚಗೆ. ಕಾಕ್‌ಪಿಟ್‌ನ ಗಾಜಿನಂಥ ಮುಚ್ಚಳಕ್ಕೆ ಸೂಪರ್ ಗ್ಲೂ ಬೇಡವೇ ಬೇಡ, ಅದರ ಹಬೆಗೆ ಒಳಗೆಲ್ಲ ಮಂಜು ಕವಿಯುತ್ತದೆ. ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ.

ಗೆರೆಗಳ ವಿಷಯಕ್ಕೆ ಬಂದರೆ, ಈ ಸಲ ಕಪ್ಪು ಬಾಟಲಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಬೆಳ್ಳಿಗಿಂತ ಒಂದೆಳೆ ಗಾಢ ಬೂದು ಕಲಸಿ, ರೆಕ್ಕೆಯ ಅಲ್ಲಾಡುವ ಭಾಗಗಳಿಗೂ ಗಾಲಿ ಬಾಗಿಲುಗಳಿಗೂ ಮಾತ್ರ ಇಳಿಸಿದೆ. ಮಿಕ್ಕ ಗೆರೆಗಳನ್ನು ಹಾಗೇ ಬಿಟ್ಟೆ, ನೆರಳು ಬಿದ್ದಷ್ಟು ಕಾಣಲಿ ಅಂತ. ಫೋಟೋದಲ್ಲಿ ಈ ವಿಮಾನ ಸಪ್ಪೆ ಕಾಣುತ್ತದೆ, ನಿಜ. ಮೇಜಿನ ಮೇಲೆ ಹಾಗನಿಸುವುದಿಲ್ಲ.

ಅಂಕಲ್‌ಗೆ ಕೊಟ್ಟೆ. ಈ ಸಲ ಮೊದಲು ಹೊಟ್ಟೆ ಮೇಲೆ ಮಾಡಿ ನೋಡಿದರು. "ಈ ಬಾಗಿಲುಗಳಿವೆಯಲ್ಲ, ಗಾಳಿಯಲ್ಲಿ ಬ್ರೇಕೂ ಇವೇ" ಅಂತ ಉಗುರಿನಿಂದ ತೋರಿಸಿದರು. ಬಿರುಕಿನ ಮಾತು ಬರಲಿಲ್ಲ. "ಎರಡು ದಿನ ಇಟ್ಕೋತೀನಿ, ಮೊಮ್ಮಗ ಬರ್ತಾನೆ" ಅಂದರು.

ವಾಪಸ್ ಬಂದಾಗ ಮುಂದಿನ ಗಾಲಿಯ ಕಾಲು ಮುರಿದಿತ್ತು. ಮೂತಿಗೆ ಅಷ್ಟು ತೂಕ ತುರುಕಿದ್ದು ನಾನೇ ತಾನೆ? ಕಾಲಿನ ಎರಡೂ ತುಂಡಿಗೆ ಕೈ ಡ್ರಿಲ್‌ನಲ್ಲಿ ಅರ್ಧ ಮಿ.ಮೀ. ತೂತು ಕೊರೆದು, ಸ್ಟೇಪ್ಲರ್ ಪಿನ್ ತುಂಡು ಒಳಗೆ ಸೇರಿಸಿ ನಿಲ್ಲಿಸಿದೆ. ಈಗ ವಿಮಾನ ಒಂಚೂರು ಎಡಕ್ಕೆ ವಾಲಿ ನಿಲ್ಲುತ್ತದೆ. ಅಂಕಲ್ ಮಾತ್ರ, ಅದು ಟೈರ್‌ನಲ್ಲಿ ಗಾಳಿ ಕಮ್ಮಿ ಇರೋದು ಅಂತಾರೆ.