ನಾಯಿಗೆ ಹಣ್ಣು: ನಾನು ಅಳೆದು, ಬಿಡಿಸಿ ಕೊಡುವ ಕ್ರಮ

ಮಾವಿನ ಕಾಲ ಬಂತೆಂದರೆ ನಾನು ಮೊದಲು ಮಾಡುವ ಕೆಲಸ ಅಡುಗೆಮನೆಯ ಕಸದ ಬುಟ್ಟಿಗೆ ಗಟ್ಟಿ ಮುಚ್ಚಳ ಹಾಕುವುದು. ಮಾವಿನ ತಿರುಳಿನಿಂದ ನಾಯಿಗೆ ತೊಂದರೆಯಿಲ್ಲ, ನಾವು ಚೀಪಿ ಎಸೆದ ವಾಟೆಯೇ ಅಪಾಯ. ಅದು ಕರಗುವುದಿಲ್ಲ. ಹೊಟ್ಟೆಯಲ್ಲಿ ಕೆಲವು ದಿನ ಸುಮ್ಮನೆ ಕೂತಿದ್ದು, ಆಮೇಲೆ ಸಣ್ಣ ಕರುಳಿಗೆ ಜಾರಿ ಅಲ್ಲಿ ಸಿಕ್ಕಿಕೊಳ್ಳಬಹುದು. ಆಗ ನಾಯಿ ಊಟ ಬಿಡುತ್ತದೆ, ಕುಡಿದ ನೀರನ್ನೂ ಕಾರುತ್ತದೆ, ಮಲ ನಿಲ್ಲುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯಷ್ಟು ಸ್ಪಷ್ಟವಾಗಿ ವಾಟೆ ಕಾಣದಿರಬಹುದು. ಹಾಗಾಗಿ ನುಂಗಿರುವ ಅನುಮಾನವಿದ್ದರೆ ವೈದ್ಯರಿಗೆ ನಾವೇ ಬಾಯಿಬಿಟ್ಟು ಹೇಳಬೇಕು.

ಅಳತೆಗೆ ಅಡುಗೆಮನೆಯ ತಕ್ಕಡಿ ಬಳಸುತ್ತೇನೆ. ಸುಮಾರು 10 ಕೆಜಿ ತೂಕದ ಬೆಳೆದ ನಾಯಿಗೆ ದಿನಕ್ಕೆ 600 ಕ್ಯಾಲರಿಯ ಆಸುಪಾಸು ಬೇಕು. ಊಟದ ಹೊರಗಿನ ತಿಂಡಿತೀರ್ಥವೆಲ್ಲ ಸೇರಿ ಅದರ ಹತ್ತನೇ ಒಂದು ಭಾಗ ಮೀರಬಾರದು. ಅದರಲ್ಲಿ ಅರ್ಧವನ್ನಷ್ಟೇ ನಾನು ಹಣ್ಣಿಗೆ ಬಿಡುತ್ತೇನೆ, ಅಂದರೆ 30 ಕ್ಯಾಲರಿ. ಕಲ್ಲಂಗಡಿಯಾದರೆ 100 ಗ್ರಾಂ, ಪರಂಗಿ 70, ಮಾವು 50, ಬಾಳೆಹಣ್ಣು 30 ಗ್ರಾಂ. ದಿನಕ್ಕೆ ಇವುಗಳಲ್ಲಿ ಒಂದೇ. 20 ಕೆಜಿಯ ನಾಯಿಗೆ ಇದನ್ನು ದುಪ್ಪಟ್ಟು ಮಾಡಬೇಡಿ, ಒಂದೂವರೆ ಪಟ್ಟು ಸಾಕು. ಸಕ್ಕರೆ ಕಾಯಿಲೆ, ಬೊಜ್ಜು ಅಥವಾ ಮೇದೋಜ್ಜೀರಕದ ಊತ ಇರುವ ನಾಯಿಗೆ ವೈದ್ಯರನ್ನು ಕೇಳದೆ ಏನೂ ಕೊಡುವುದಿಲ್ಲ.

ಹೊಸ ಹಣ್ಣಾದರೆ ಮೊದಲ ದಿನ ಬೆರಳ ತುದಿಯಷ್ಟು. ಎರಡು ದಿನ ಮಲ ನೋಡಿ, ಸಡಿಲವಾಗದಿದ್ದರೆ ಮುಂದಿನ ತುಂಡು. ಚಿಕ್ಕ ನಾಯಿಗೆ ಬಟಾಣಿ ಕಾಳಿನ ಗಾತ್ರಕ್ಕೆ ಹೆಚ್ಚುತ್ತೇನೆ, ಏಕೆಂದರೆ ಆಸೆಗೆ ಬಿದ್ದ ನಾಯಿ ಅಗಿಯುವುದಿಲ್ಲ, ನುಂಗಿಬಿಡುತ್ತದೆ. ಉಪ್ಪುಖಾರ, ಚಾಟ್ ಮಸಾಲೆ ಸೋಕಿದ ಹೋಳು ಬೇಡ.

ಸಪೋಟದ ಬೀಜಕ್ಕೆ ಚೂಪಾದ ಕೊಕ್ಕೆಯಿದೆ, ಎಣಿಸಿ ತೆಗೆಯಿರಿ. ಸೀತಾಫಲದ ಬೀಜ ಜಗಿದರೆ ವಿಷ. ಒಂದೊಂದೇ ತೊಳೆ ಬಿಡಿಸುವಾಗ ಒಂದಾದರೂ ಕೈತಪ್ಪುತ್ತದೆ, ಹಾಗಾಗಿ ನಾನು ಆ ಹಣ್ಣನ್ನೇ ಕೈಬಿಟ್ಟಿದ್ದೇನೆ. ಸೇಬಿನ ನಡುಭಾಗ, ಕಲ್ಲಂಗಡಿ ಮತ್ತು ಬಾಳೆಯ ಸಿಪ್ಪೆ ಕಸಕ್ಕೆ. ಬೆಣ್ಣೆಹಣ್ಣು, ಕಮರಾಕ್ಷಿ ನನ್ನ ಪಟ್ಟಿಯಲ್ಲೇ ಇಲ್ಲ.

ದ್ರಾಕ್ಷಿಗೆ ಮಾತ್ರ ಅಳತೆಯ ಮಾತೇ ಇಲ್ಲ. ಹಸಿರು, ಕಪ್ಪು, ಬೀಜವಿಲ್ಲದ್ದು, ಯಾವುದೂ ಬೇಡ. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ನೀರು ಆರಿ ವಿಷ ಸಾಂದ್ರವಾಗಿರುತ್ತದೆ. 2021ರಲ್ಲಿ ಅಮೆರಿಕದ ಪಶುವೈದ್ಯರು ಈ ವಿಷಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬಹುದೆಂದು ಸೂಚಿಸಿದರು. ಹಣ್ಣಿನಿಂದ ಹಣ್ಣಿಗೆ ಅದರ ಪ್ರಮಾಣ ಬದಲಾಗುವುದರಿಂದ ‘ಇಷ್ಟು ತಿಂದರೆ ಪರವಾಗಿಲ್ಲ’ ಎನ್ನಲಾಗದು. ಕನ್ನಡದ ಮನೆಗಳಿಗೆ ಇದರಲ್ಲಿ ಇನ್ನೊಂದು ಎಚ್ಚರಿಕೆಯಿದೆ: ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಧಾರಾಳವಾಗಿದೆ. ಮಿಕ್ಕ ಸಾರನ್ನ, ಪುಳಿಯೋಗರೆಯನ್ನು ನಾಯಿಯ ತಟ್ಟೆಗೆ ಸುರಿಯುವ ರೂಢಿ ದಯವಿಟ್ಟು ಬಿಡಿ. ಕೇಸರಿಬಾತಿನ, ಪ್ರಸಾದದ ಒಣದ್ರಾಕ್ಷಿಯೂ ಅಷ್ಟೇ. ಮಕ್ಕಳಿಗೆ, ಮನೆಗೆಲಸದವರಿಗೆ, ಬಂದ ನೆಂಟರಿಗೆ ಇದನ್ನು ಪ್ರತಿ ಸಲ ಹೇಳುತ್ತೇನೆ.

ದ್ರಾಕ್ಷಿ ತಿಂದುಬಿಟ್ಟರೆ ವಾಂತಿಗಾಗಿ ಕಾಯಬೇಡಿ. ನಾಯಿ ಗೆಲುವಾಗಿದ್ದರೂ ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೆಡಬಹುದು. ಸಾಧ್ಯವಾದರೆ ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿ. ಅಲ್ಲಿ ವೈದ್ಯರು ಔಷಧಿ ಕೊಟ್ಟು ವಾಂತಿ ಮಾಡಿಸುತ್ತಾರೆ, ಆಮೇಲೆ ಡ್ರಿಪ್, ರಕ್ತ ಪರೀಕ್ಷೆ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಉಳಿದ ಗೊಂಚಲು ಅಥವಾ ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಎಷ್ಟು ತಿಂದಿದೆ, ಎಷ್ಟು ಹೊತ್ತಿಗೆ ಮತ್ತು ನಾಯಿಯ ತೂಕ ಎಷ್ಟು, ಈ ಮೂರನ್ನು ಹೊರಡುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ.