ಹೋಟೆಲ್ ಕೆಲಸದವರು ನಿಲ್ಲಬೇಕು ಅಂದ್ರೆ

ದರ್ಶಿನಿ, ಬೇಕರಿ ನಡೆಸುವವರಿಗೆ ಒಂದು ಮಾತು. ಕೆಲಸದವರನ್ನು ಗಿರಾಕಿಗಳ ಮುಂದೆ ಬೈಯಬೇಡಿ. ನಮ್ಮ ದೋಸೆ ಭಟ್ಟರ ಮೇಲೆ ಒಮ್ಮೆ ಹಾಗೆ ರೇಗಿಬಿಟ್ಟಿದ್ದೆ. ಅವರು ಏನೂ ಹೇಳಲಿಲ್ಲ. ಸೌಟನ್ನು ಕಾವಲಿ ಪಕ್ಕ ಇಟ್ಟು, ಕೈ ಒರೆಸಿಕೊಂಡು ಹೊರಟೇಬಿಟ್ಟರು. ಮನೆಗೇ ಹೋಗಿ ಕ್ಷಮೆ ಕೇಳಿ ಕರೆತಂದೆ. ಈಗ ಏನಾದರೂ ತಪ್ಪಾದರೆ ರಶ್ ಇಳಿದ ಮೇಲೆ, ಒಳಗೆ ಕೂರಿಸಿ, ಕಾಫಿ ಕೊಟ್ಟು ಕೇಳುತ್ತೇನೆ. ಎಷ್ಟೋ ಸಲ ತಪ್ಪು ಅವರದಲ್ಲ, ಹಿಟ್ಟಿನದು!

ಸಂಬಳ ಹೇಳಿದ ತಾರೀಖಿಗೇ ಕೊಡಿ. ಅಡ್ವಾನ್ಸ್ ಕೊಟ್ಟರೆ ಅವರೆದುರೇ ಬರೆದಿಡಿ.

10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸದವರಿದ್ದರೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮೆ, ಮಾಡಿಸಲೇಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದಕ್ಕೆ ಬರುತ್ತಾರೆ. ಸಂಬಳದ ಲೆಕ್ಕದಲ್ಲಿ ಮಾಲೀಕರಾದ ನಮ್ಮ ಪಾಲು ಶೇ. 3.25, ಅವರದು ಶೇ. 0.75. ಹೆಂಡತಿ, ಮಕ್ಕಳಿಗೂ ಚಿಕಿತ್ಸೆ ಸಿಗುತ್ತೆ. ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ.