ಭುಜದ ತೊಂದರೆಯ ಬೇರು ಬೆನ್ನುಹುರಿಯಲ್ಲಿದೆಯೇ? ಪತ್ತೆಹಚ್ಚುವ ಬಗೆ

ಭುಜ ವಿಪರೀತ ಊದಿದೆ, ಎತ್ತಿದರೆ ಒಳಗೆ ಕಟಕಟ ಸದ್ದು, ಆದರೆ ಅದಕ್ಕೆ ತಕ್ಕಷ್ಟು ನೋವಿಲ್ಲ. ಇದನ್ನು ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ) ಎಂದುಕೊಂಡು ಕಾಯಬೇಡಿ. ಕುತ್ತಿಗೆ ಭಾಗದ ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳು ಬೆಳೆಯುವ ಸಿರಿಂಗೋಮೈಲಿಯಾದಲ್ಲಿ ಹೀಗಾಗಬಹುದು. ನೋವು, ಬಿಸಿ, ತಂಪು ಒಯ್ಯುವ ನರತಂತುಗಳು ಹುರಿಯ ನಡುವೆ ಅಡ್ಡ ದಾಟುವುದರಿಂದ ಮೊದಲು ಕೆಡುವುದು ಅವೇ. ನವಿರು ಸ್ಪರ್ಶ ಬಹುಮಟ್ಟಿಗೆ ಉಳಿಯುತ್ತದೆ. ನೋವಿನ ಎಚ್ಚರಿಕೆ ಸಿಗದ ಕೀಲು ಸವೆಯುತ್ತಲೇ ಹೋಗುತ್ತದೆ.

ಮನೆಯಲ್ಲಿ ಹೀಗೆ ನೋಡಿ. ಎರಡು ಸ್ಟೀಲ್ ಲೋಟ. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನ ನೀರು. 40 ಡಿಗ್ರಿ ಮೀರಬಾರದು, ಏಕೆಂದರೆ ಸುಟ್ಟರೂ ರೋಗಿಗೆ ಗೊತ್ತಾಗದಿರಬಹುದು. ಕಣ್ಣು ಮುಚ್ಚಿಸಿ ಎರಡೂ ಭುಜ, ಬೆನ್ನಿನ ಮೇಲ್ಭಾಗ, ತೋಳುಗಳಿಗೆ ಮುಟ್ಟಿಸಿ, ತೊಡೆಯೊಂದಿಗೆ ಹೋಲಿಸಿ. ನಂತರ ಹತ್ತಿ ತಾಗಿಸಿ. ಹತ್ತಿ ತಿಳಿದು, ಬಿಸಿ-ತಂಪು ತಿಳಿಯದಿದ್ದರೆ ಅನುಮಾನ ಬಲವಾಯಿತು. ಗಮನಕ್ಕೆ ಬಾರದ ಸುಟ್ಟ ಕಲೆಗಳಿವೆಯೇ ಎಂದೂ ಹುಡುಕಿ.

10 ಸೆಕೆಂಡಿನಲ್ಲಿ ಎಷ್ಟು ಬಾರಿ ಮುಷ್ಟಿ ಬಿಗಿದು ಪೂರ್ತಿ ಬಿಡಿಸಲಾಗುತ್ತದೆ ಎಂದು ಎಣಿಸಿ. 20 ಬಾರಿಗಿಂತ ಕಡಿಮೆಯಾದರೆ ಬೆನ್ನುಹುರಿ ಒತ್ತಿಹೋಗಿರಬಹುದು. ಈ ಪರೀಕ್ಷೆಗಳು ಸರಿಯಿದ್ದ ಮಾತ್ರಕ್ಕೆ ರೋಗವಿಲ್ಲ ಎಂದಲ್ಲ.

ಅನುಮಾನವಿದ್ದರೆ ನರರೋಗ ತಜ್ಞರ ಬಳಿ ಹೋಗಿ. ಭುಜದ ಎಕ್ಸ್-ರೇ ಜೊತೆ ಕುತ್ತಿಗೆಯ ಎಂಆರ್‌ಐ ಬೇಕಾಗುತ್ತದೆ. ಅಲ್ಲಿಯವರೆಗೆ ಬಿಸಿ ಶಾಖ, ಕುತ್ತಿಗೆ ನೆಟಿಗೆ ತೆಗೆಸುವುದು ಎರಡೂ ಬೇಡ. ಮೂತ್ರ ಕಟ್ಟಿದರೆ, ನಡಿಗೆ ತಪ್ಪಿದರೆ ಅಥವಾ ಕೈಕಾಲು ದಿಢೀರ್ ಸೋತರೆ ಅಂದೇ ಆಸ್ಪತ್ರೆಗೆ ಹೋಗಿ.